ಮಗು ಈಗ ಯಾರ ಕೈಯಲ್ಲಿದೆ?

ಹೊಸದಾಗಿ ತಂದೆತಾಯಿ ಆದವರ ದಿನಚರಿ, ಹವ್ಯಾಸ, ಆಟ, ರಾಜಕೀಯ ಅಭಿಪ್ರಾಯ, ಎಲ್ಲದರ ಬಗ್ಗೆಯೂ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಒಂದು ಗಂಟೆ ಸಮಯ ಕೊಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಒಂದು ಗಂಟೆ ಒಂದೇ ವಿಷಯ ಹಿಡಿದು ಕೂರುವ ಅಭ್ಯಾಸ ನನಗೆ ತಪ್ಪಿಹೋಗಿದೆ. ನಮ್ಮ ಮಗಳಿಗೆ ಈಗ ಒಂಬತ್ತು ತಿಂಗಳು. ಮಾತಿನ ಮಧ್ಯೆ ನಾನು ಎಲ್ಲಿಗೋ ಹೋಗಿಬಿಟ್ಟರೆ ಕೈಯೆತ್ತಿ ಕರೆದು ತನ್ನಿ.

ನಿದ್ದೆಯಿಂದಲೇ ಶುರು ಮಾಡುತ್ತೇನೆ. ಆಗ ತಾನೇ ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಮಗಳು ಹುಟ್ಟುವ ಮೊದಲು ಈ ಅಂಕಿ ಓದಿ ನನಗೆ ಭಾರಿ ಖುಷಿಯಾಗಿತ್ತು. 24ರಲ್ಲಿ 17 ಕಳೆದರೆ 7. ಏಳು ಗಂಟೆ ಮಗು ನೋಡಿಕೊಂಡರೆ ಮುಗಿಯಿತು, ಉಳಿದ ಹೊತ್ತಲ್ಲಿ ಓದದೆ ಇಟ್ಟಿದ್ದ ಪುಸ್ತಕಗಳನ್ನೆಲ್ಲ ಓದಿಬಿಡಬಹುದು ಅಂದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತವರು ನಗುತ್ತಿದ್ದೀರಿ. ಅನುಭವ ಇದೆ ಅಂತ ಗೊತ್ತಾಯಿತು.

ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಆ 17 ಗಂಟೆ ಒಂದೇ ಗಂಟಾಗಿ ಬರುವುದಿಲ್ಲ, ಚಿಲ್ಲರೆಯಾಗಿ ಬರುತ್ತದೆ. ಮೊದಲ ವಾರಗಳಲ್ಲಿ ಮಗುವಿಗೆ 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಬೇಕು. ಹತ್ತು ಸಲ ಅಂತ ಇಟ್ಟುಕೊಳ್ಳಿ. ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೊಂದು ಸಲ. ಆ ಹೊತ್ತನ್ನು ಎಣಿಸುವುದು ಒಂದು ಸಲ ಹಾಲು ಶುರುವಾದಾಗಿನಿಂದ ಮುಂದಿನ ಸಲ ಶುರುವಾಗುವವರೆಗೆ. ಕುಡಿಯಲು ಅರ್ಧ ಗಂಟೆ, ನಲವತ್ತು ನಿಮಿಷ. ಆಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಬೇಕು. ಡೈಪರ್ ಬದಲಿಸಬೇಕು. ಹೊಸ ಡೈಪರ್ ಹಾಕಿದ ಎರಡೇ ನಿಮಿಷಕ್ಕೆ ಅದನ್ನೂ ಬದಲಿಸಬೇಕು. ಆಮೇಲೆ ಮಲಗಿಸಬೇಕು. ಇಷ್ಟಾಗುವಾಗ ನಿಮ್ಮ ಪಾಲಿಗೆ ಒಂದು ಗಂಟೆ ಉಳಿದರೆ ದೊಡ್ಡದು. ಅದರಲ್ಲಿ ಅರ್ಧ ಗಂಟೆ, ನಿಜವಾಗಲೂ ಮಲಗಿತಾ ಅಂತ ನೋಡುವುದಕ್ಕೇ ಹೋಗುತ್ತದೆ.

‘ಮಗು ಮಲಗಿದಾಗ ನೀವೂ ಮಲಗಿ’ ಅನ್ನುವ ಸಲಹೆಯನ್ನು ನಮಗೆ ಕೊಡದವರಿಲ್ಲ. ಮಗು ಮಲಗಿದಾಗ ಪಾತ್ರೆ ತೊಳೆಯುವವರು ಯಾರು ಅಂತ ಆ ಸಲಹೆಯಲ್ಲಿ ಇರುವುದಿಲ್ಲ.

ಮೊದಲ ಎರಡು ವಾರ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಎಳೆಗೂಸಿನದು 50ರಿಂದ 60 ನಿಮಿಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೊತ್ತು ಅದು ಚುರುಕಾದ ನಿದ್ದೆಯಲ್ಲಿರುತ್ತದೆ. ಮುಖ ಕಿವುಚುತ್ತದೆ, ಮುಲುಗುತ್ತದೆ, ಕೈಕಾಲು ಒದರುತ್ತದೆ, ಕೆಲವೊಮ್ಮೆ ಸಣ್ಣಗೆ ಅಳುತ್ತದೆ ಕೂಡ. ಇಷ್ಟೂ ನಿದ್ದೆಯಲ್ಲೇ. ನಾನು ಪ್ರತಿ ಮುಲುಗಿಗೂ ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆ. ಅಂದರೆ ಮಲಗಿದ್ದ ಮಗುವನ್ನು ನಾನೇ ಎಬ್ಬಿಸಿ, ಆಮೇಲೆ ‘ಇದು ಮಲಗುವುದೇ ಇಲ್ಲ’ ಅಂತ ದೂರುತ್ತಿದ್ದೆ. ಒಂದು ನಿಮಿಷ ಕಾದು ನೋಡಬೇಕು ಅನ್ನುವುದು ಗೊತ್ತಾದ ಮೇಲೆ ನಮ್ಮ ಮನೆಯ ಅರ್ಧ ಗಲಾಟೆ ಕಡಿಮೆಯಾಯಿತು.

ಅಳುವಿಗೂ ಒಂದು ಏರಿಳಿತ ಇದೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ 80 ಶಿಶುಗಳ ಅಳುವನ್ನು ತಾಯಂದಿರಿಂದ ಬರೆಸಿ ಲೆಕ್ಕ ಹಾಕಿದರು. ಅಳು ವಾರದಿಂದ ವಾರಕ್ಕೆ ಏರುತ್ತಾ ಹೋಗಿ ಆರನೇ ವಾರದ ಹೊತ್ತಿಗೆ ದಿನಕ್ಕೆ ಎರಡೂ ಮುಕ್ಕಾಲು ಗಂಟೆಗೆ ಮುಟ್ಟಿತ್ತು. ಆಮೇಲೆ ಇಳಿಯಿತು. ಹುಷಾರಾಗಿ, ಆರೋಗ್ಯವಾಗಿ ಇರುವ ಮಗುವೇ ಇಷ್ಟು ಅಳುತ್ತದೆ. ನಮಗೆ ಇದು ಮೊದಲೇ ಗೊತ್ತಿರಲಿಲ್ಲ. ಐದನೇ ವಾರ ಸಂಜೆಯಾದರೆ ಸಾಕು, ಮಗಳು ರಚ್ಚೆ ಹಿಡಿಯುತ್ತಿದ್ದಳು. ನಾವಿಬ್ಬರೂ ನಮ್ಮಿಂದ ಏನೋ ತಪ್ಪಾಗುತ್ತಿದೆ ಅಂದುಕೊಂಡೆವು. ಒಂದು ರಾತ್ರಿ ಅವಳನ್ನು ಎತ್ತಿಕೊಂಡಿದ್ದ ನನ್ನ ಕೈ ಬಿಗಿಯಾಗುತ್ತಿರುವುದು ನನಗೇ ಗೊತ್ತಾಯಿತು. ಭಯವಾಯಿತು. ಮಗುವನ್ನು ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಬಂದು ಐದು ನಿಮಿಷ ಗೋಡೆ ನೋಡಿಕೊಂಡು ನಿಂತೆ. ಹಾಗೆ ಮಾಡುವುದೇ ಸರಿ ಅಂತ ಡಾಕ್ಟರುಗಳೂ ಹೇಳುತ್ತಾರೆ. ಮಗು ಐದು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಎತ್ತಿ ಅಲುಗಾಡಿಸಿದರೆ ಮಿದುಳಿಗೇ ಪೆಟ್ಟು. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತಿದ್ದೇನೆ. ಇಲ್ಲಿ ಕೂತಿರುವ ಯಾರಿಗೋ ನಿನ್ನೆ ರಾತ್ರಿ ಹಾಗೇ ಆಗಿರಬಹುದು.

ಸರಿ, ಹವ್ಯಾಸಕ್ಕೆ ಬರೋಣ.

ನನ್ನ ಹವ್ಯಾಸ ಚೆಸ್. ದೊಡ್ಡ ಆಟಗಾರನಲ್ಲ, ಹುಚ್ಚು ಮಾತ್ರ ದೊಡ್ಡದು. ದಿನಾ ರಾತ್ರಿ ಆನ್‌ಲೈನ್‌ನಲ್ಲಿ ಐದು ನಿಮಿಷದ ಬ್ಲಿಟ್ಜ್ ಆಡುತ್ತಿದ್ದೆ. ಐದು ನಿಮಿಷದ ಆಟ ತಾನೇ, ಮಗು ಬಂದ ಮೇಲೂ ಆಡಬಹುದು ಅಂದುಕೊಂಡೆ. ಆಗಲಿಲ್ಲ. ಬ್ಲಿಟ್ಜ್‌ನಲ್ಲಿ ಗಡಿಯಾರ ನಿಲ್ಲುವುದಿಲ್ಲ, ಮಗು ಕಾಯುವುದಿಲ್ಲ. ಗೆಲ್ಲುವ ಸ್ಥಿತಿಯಲ್ಲಿ ಕುದುರೆ ಎತ್ತುವ ಹೊತ್ತಿಗೆ ಅವಳು ಎದ್ದಿರುತ್ತಿದ್ದಳು. ಸತತ ಹದಿನಾಲ್ಕು ಆಟ ಟೈಮ್ ಮುಗಿದು ಸೋತೆ. ಎದುರಾಳಿಗಳು ನನ್ನನ್ನು ಏನೆಂದುಕೊಂಡರೋ.

ಆಮೇಲೆ ಅಂಚೆ ಚೆಸ್‌ನ ನೆನಪಾಯಿತು. ಇಲ್ಲಿನ ಹಿರಿಯರಿಗೆ ಗೊತ್ತಿರಬಹುದು. ಕಾರ್ಡಿನ ಮೇಲೆ ಒಂದು ನಡೆ ಬರೆದು ಅಂಚೆಗೆ ಹಾಕುವುದು, ವಾರಗಟ್ಟಲೆ ಉತ್ತರಕ್ಕೆ ಕಾಯುವುದು. ಇದಕ್ಕೆ 1951ರಿಂದಲೂ ಒಂದು ಅಂತರರಾಷ್ಟ್ರೀಯ ಒಕ್ಕೂಟ ಇದೆ. ಹತ್ತು ನಡೆಗೆ 50 ದಿನ ಅನ್ನುವ ನಿಯಮ ಬಹಳ ಕಾಲ ಇತ್ತು. ಈಗ ಕಾರ್ಡು ಹೋಗಿ ಕಂಪ್ಯೂಟರ್ ಬಂದಿದೆ, ಆದರೆ ದಿನಗಟ್ಟಲೆ ಯೋಚಿಸುವ ಸವಲತ್ತು ಹಾಗೇ ಇದೆ. ನಾನು ಅದಕ್ಕೆ ಸೇರಿಕೊಂಡೆ. ಈಗ ಒಂದು ಆಟ ನಾಲ್ಕು ತಿಂಗಳಿಂದ ನಡೆಯುತ್ತಿದೆ. ಹಾಲಿನ ಬಾಟಲಿ ತೊಳೆಯುತ್ತಾ ಒಂದು ಕಾಲಾಳಿನ ಬಗ್ಗೆ ಯೋಚಿಸುತ್ತೇನೆ. ಯೋಚನೆ ಅರ್ಧಕ್ಕೆ ನಿಂತರೂ ಕಾಲಾಳು ಎಲ್ಲಿಗೂ ಓಡಿಹೋಗುವುದಿಲ್ಲ.

ಮಗು ಬಂದ ಮೇಲೆ ಉಳಿಯುವುದು ಅರ್ಧಕ್ಕೆ ಬಿಟ್ಟು ಏಳಬಹುದಾದ ಹವ್ಯಾಸ ಮಾತ್ರ ಅಂತ ನಾನೊಂದು ಸಿದ್ಧಾಂತ ಮಾಡಿಕೊಂಡೆ. ಹೆಣಿಗೆ ಉಳಿಯುತ್ತದೆ, ಹಾರ್ಮೋನಿಯಂ ಕಷ್ಟ. ಗಿಡ ಬೆಳೆಸುವುದು ಉಳಿಯುತ್ತದೆ, ನಾಟಕದಲ್ಲಿ ಪಾತ್ರ ಮಾಡುವುದು ಉಳಿಯುವುದಿಲ್ಲ. ಕ್ರಿಕೆಟ್‌ನಲ್ಲಿ ಟಿ20ಗಿಂತ ಟೆಸ್ಟ್ ಪಂದ್ಯವೇ ಹೊಸ ಅಪ್ಪಂದಿರಿಗೆ ವಾಸಿ. ಟಿ20ಯಲ್ಲಿ ಡೈಪರ್ ಬದಲಿಸಿ ಬರುವಷ್ಟರಲ್ಲಿ ಪಂದ್ಯವೇ ತಿರುಗಿಬಿಟ್ಟಿರುತ್ತದೆ. ಟೆಸ್ಟ್‌ನಲ್ಲಿ ಎರಡು ಗಂಟೆ ಬಿಟ್ಟು ಬಂದರೂ ಅದೇ ಬ್ಯಾಟ್ಸ್‌ಮನ್ ಅದೇ ಗಾರ್ಡ್ ತೆಗೆದುಕೊಂಡು ನಿಂತಿರುತ್ತಾನೆ.

ಒಂದು ಸಣ್ಣ ಕಥೆ ಹೇಳಿ ಮುಂದೆ ಹೋಗುತ್ತೇನೆ, ವಿಷಯಕ್ಕೆ ಸಂಬಂಧ ಇದೆ. 1939ರ ಮಾರ್ಚ್‌ನಲ್ಲಿ ಡರ್ಬನ್‌ನಲ್ಲಿ ದಕ್ಷಿಣ ಆಫ್ರಿಕಾ, ಇಂಗ್ಲೆಂಡ್ ನಡುವೆ ಒಂದು ಟೆಸ್ಟ್ ನಡೆಯಿತು. ದಿನದ ಮಿತಿಯೇ ಇಲ್ಲದ ಪಂದ್ಯ. ಯಾರಾದರೂ ಗೆಲ್ಲುವವರೆಗೆ ಆಡುವುದು ಅಂತ ತೀರ್ಮಾನ. ಇಂಗ್ಲೆಂಡಿಗೆ ಗೆಲ್ಲಲು 696 ರನ್ ಬೇಕಿತ್ತು. 5 ವಿಕೆಟ್‌ಗೆ 654 ಹೊಡೆದರು. ಇನ್ನು 42 ರನ್ ಸಾಕು. ಅಷ್ಟರಲ್ಲಿ ಮಳೆ ಬಂತು, ಊರಿಗೆ ಹೋಗುವ ಹಡಗಿನ ಹೊತ್ತೂ ಆಯಿತು. ಹಡಗು ಹಿಡಿಯಬೇಕಲ್ಲ, ಪಂದ್ಯ ಬಿಟ್ಟು ಎದ್ದರು. ಫಲಿತಾಂಶ ಡ್ರಾ. ಸಮಯಕ್ಕೆ ಮಿತಿಯೇ ಬೇಡ ಅಂದವರಿಗೂ ಕೊನೆಗೆ ಹಡಗು ಬಂದೇ ಬಂತು. ನಮ್ಮ ಮನೆಯ ಹಡಗು ದಿನಕ್ಕೆ ಹತ್ತು ಸಲ ಬರುತ್ತದೆ, ಅಷ್ಟೇ.

ಈ ಅರ್ಧಕ್ಕೆ ಬಿಡುವ ಸಿದ್ಧಾಂತವನ್ನು ನಾನು ಬಹಳ ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೇಳಿ, ‘ನನ್ನ ಹವ್ಯಾಸ ಏನು ಅಂತ ನೆನಪಿದೆಯಾ?’ ಅಂದಳು.

ಅವಳ ಹವ್ಯಾಸ ಓಟ. ಮದುವೆಗೆ ಮೊದಲಿನಿಂದಲೂ ಓಡುತ್ತಿದ್ದವಳು. ಓಟವನ್ನು ಅರ್ಧಕ್ಕೆ ಬಿಟ್ಟು ಏಳುವುದು ಹೇಗೆ? ಮನೆಯಿಂದ ನಾಲ್ಕು ಕಿಲೋಮೀಟರ್ ದೂರ ಹೋದವಳು ಮಗು ಅತ್ತಿತು ಅಂತ ಹಾರಿ ಬರಲು ಆಗುತ್ತದಾ? ಬಾಟಲಿ ತೊಳೆಯುತ್ತಾ ಓಡಲು ಆಗುತ್ತದಾ? ಅದಕ್ಕೆ ಬೇಕಿರುವುದು ಇಡಿಯ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಮಗು ಇನ್ನೊಬ್ಬರ ಕೈಯಲ್ಲಿ ಇರಬೇಕು. ‘ನಿನ್ನ ಚೆಸ್ ಉಳಿದದ್ದು ಸಿದ್ಧಾಂತದಿಂದ ಅಲ್ಲ. ನೀನು ಯೋಚಿಸುವಾಗೆಲ್ಲ ಮಗು ನನ್ನ ಕೈಯಲ್ಲಿ ಇತ್ತು’ ಅಂದಳು.

ನಾನು ಪೆಚ್ಚಾದೆ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೆತ್ತ ಮೈ ಸುಧಾರಿಸಲು ಹೊತ್ತು ಬೇಕು. ಓಟಕ್ಕೆ ಮರಳಲು ಕನಿಷ್ಠ 12 ವಾರ ಕಾಯಿರಿ ಅಂತ 2019ರಲ್ಲಿ ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳು ಸಲಹೆ ಕೊಟ್ಟಿದ್ದಾರೆ. ಅವಳು ಅದನ್ನೂ ಓದಿಕೊಂಡು, ವಾರ ಎಣಿಸಿಕೊಂಡು ಇದ್ದಳು. 12 ಮುಗಿಯಿತು, 20 ಮುಗಿಯಿತು. ಶೂ ಬಾಗಿಲ ಪಕ್ಕದಲ್ಲೇ ಇತ್ತು. ನನಗೆ ಕಂಡಿರಲಿಲ್ಲ.

ಬಿಡುವಿನ ಹೊತ್ತು ಅಂತ ನಾವು ಕರೆಯುತ್ತೇವಲ್ಲ, ಅದು ಆಕಾಶದಿಂದ ಬೀಳುವುದಿಲ್ಲ. ಒಬ್ಬರಿಗೆ ಬಿಡುವು ಸಿಕ್ಕಿದೆ ಅಂದರೆ ಇನ್ನೊಬ್ಬರ ಮಡಿಲಲ್ಲಿ ಮಗು ಇದೆ ಅಂತಲೇ ಅರ್ಥ. ಅವತ್ತಿನಿಂದ ಏನು ನೋಡಿದರೂ ನನಗೆ ಒಂದೇ ಪ್ರಶ್ನೆ ಬರುತ್ತದೆ. ಈಗ ಮಗು ಯಾರ ಕೈಯಲ್ಲಿದೆ?

ಕ್ರಿಕೆಟನ್ನೇ ನೋಡಿ. 2015ರ ಫೆಬ್ರವರಿಯಲ್ಲಿ ಧೋನಿಗೆ ಮಗಳು ಹುಟ್ಟಿದಾಗ ಅವರು ವಿಶ್ವಕಪ್‌ಗಾಗಿ ಆಸ್ಟ್ರೇಲಿಯಾದಲ್ಲಿದ್ದರು. ದೇಶದ ಕೆಲಸದಲ್ಲಿದ್ದೇನೆ, ಉಳಿದದ್ದು ಕಾಯಬಹುದು ಅನ್ನುವ ಅರ್ಥದ ಮಾತು ಹೇಳಿದರು. ಆಗ ನಾನೂ ಚಪ್ಪಾಳೆ ತಟ್ಟಿದವನೇ. 2020ರ ಡಿಸೆಂಬರ್‌ನಲ್ಲಿ ಕೊಹ್ಲಿ ಅಡಿಲೇಡ್ ಟೆಸ್ಟ್ ಆಡಿ, ಉಳಿದ ಮೂರು ಟೆಸ್ಟ್ ಬಿಟ್ಟು ಹೆಂಡತಿಯ ಹೆರಿಗೆಗೆ ಮನೆಗೆ ಬಂದರು. ಆ ಅಡಿಲೇಡ್ ಟೆಸ್ಟ್‌ನಲ್ಲೇ ಭಾರತ 36ಕ್ಕೆ ಆಲೌಟ್ ಆಗಿತ್ತು. ನಾಯಕ ಹೀಗೆ ಬಿಟ್ಟು ಬರಬಹುದೇ ಅಂತ ಎಷ್ಟು ಚರ್ಚೆ! ನಾನೂ ಗೆಳೆಯರ ಜೊತೆ ಕೂತು, ಬರಬಾರದಿತ್ತು ಅಂತ ವಾದ ಮಾಡಿದ್ದೆ. ಆ ಸರಣಿಯನ್ನು ಭಾರತ 2-1ರಿಂದ ಗೆದ್ದಿತು ಅನ್ನುವುದು ನಿಮಗೆಲ್ಲ ಗೊತ್ತು. ಆದರೆ ಗೆದ್ದಿದ್ದರಿಂದ ಕೊಹ್ಲಿ ಬಂದದ್ದು ಸರಿಯಾಯಿತು ಅಂತ ನಾನು ಹೇಳುತ್ತಿಲ್ಲ. ಸೋತಿದ್ದರೂ ಸರಿಯೇ. ನನ್ನ ವಾದದಲ್ಲಿ ಕೊಹ್ಲಿ ಇದ್ದರು, ತಂಡ ಇತ್ತು, ಪಿಚ್ ಇತ್ತು. ಹೆರಿಗೆ ಆಗಬೇಕಿದ್ದ ಹೆಂಗಸು ಇರಲೇ ಇಲ್ಲ. ಧೋನಿಯವರ ಬಗ್ಗೆ ನನಗೆ ಈಗಲೂ ಗೌರವ ಕಡಿಮೆಯಾಗಿಲ್ಲ, ಅದು ಅವರ ಮನೆಯ ತೀರ್ಮಾನ. ನನ್ನ ಚಪ್ಪಾಳೆಯ ಬಗ್ಗೆ ಮಾತ್ರ ಅನುಮಾನ.

ಇನ್ನೊಂದು ಉದಾಹರಣೆ ಸೆರೆನಾ ವಿಲಿಯಮ್ಸ್. 2017ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರು ಆಗಲೇ ಬಸುರಿ. ಸೆಪ್ಟೆಂಬರ್‌ನಲ್ಲಿ ಮಗಳು ಹುಟ್ಟಿದಳು. ಬಸುರಿ ಅಂತ ಆಟ ನಿಲ್ಲಿಸಿದ ದಿನಗಳಲ್ಲಿ ಒಂದನೇ ರ್‍ಯಾಂಕ್‌ನಲ್ಲಿದ್ದವರು, 2018ರ ಫ್ರೆಂಚ್ ಓಪನ್‌ಗೆ ಬರುವಾಗ 450ರ ಆಚೆ ಇದ್ದರು. ಮೊದಲ ಸುತ್ತುಗಳಲ್ಲೇ ದೊಡ್ಡ ಆಟಗಾರ್ತಿಯರು ಎದುರಾಗದಂತೆ ಕೊಡುವ ‘ಸೀಡ್’ ಸ್ಥಾನವನ್ನೂ ಕೊಡಲಿಲ್ಲ. ಅದೇ ವರ್ಷ ವಿಂಬಲ್ಡನ್ ಫೈನಲ್‌ವರೆಗೆ ಹೋದರು, ಅದು ಬೇರೆ ಮಾತು. ಗಲಾಟೆಯಾದ ಮೇಲೆ 2019ರಿಂದ ಮಹಿಳಾ ಟೆನಿಸ್ ಸಂಘ ನಿಯಮ ಬದಲಿಸಿತು. ಹೆತ್ತು ಬಂದ ಆಟಗಾರ್ತಿ ತನ್ನ ಹಳೆಯ ರ್‍ಯಾಂಕನ್ನು ಮಗು ಹುಟ್ಟಿದ ಮೂರು ವರ್ಷದೊಳಗೆ ಬಳಸಿಕೊಳ್ಳಬಹುದು. ಕಚೇರಿಗೆ ಹೋಗುವ ಹೆಂಗಸರು ಇಲ್ಲಿ ತುಂಬಾ ಜನ ಇದ್ದೀರಿ. ಹೆರಿಗೆ ರಜೆ ಮುಗಿಸಿ ಬಂದಾಗ ನಿಮ್ಮ ಕುರ್ಚಿ ಎಲ್ಲಿತ್ತು ಅಂತ ನೆನಪಿಸಿಕೊಳ್ಳಿ. ಸೆರೆನಾ ಅವರಿಗೆ ಟಿವಿ ಮುಂದೆ ಆದದ್ದು ಉಳಿದವರಿಗೆ ಟಿವಿ ಇಲ್ಲದೆ ಆಗುತ್ತದೆ.

ಇಲ್ಲಿಂದ ರಾಜಕೀಯಕ್ಕೆ ದೂರವಿಲ್ಲ. ಅದಕ್ಕೆ ಮೊದಲು ರಾತ್ರಿ ಮೂರು ಗಂಟೆಯ ಫೋನಿನ ಬಗ್ಗೆ ಒಂದು ಮಾತು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಫೋನು. ಎಚ್ಚರವಾಗಿರಬೇಕಲ್ಲ, ಸುಮ್ನೆ ಸುದ್ದಿ ನೋಡುತ್ತಾ ಹೋಗುವುದು. ಮೊದಲ ಮೂರು ತಿಂಗಳು ನನ್ನ ಜೀವನದ ಅತಿ ಕೆಟ್ಟ ರಾಜಕೀಯ ಜಗಳಗಳನ್ನು ನಾನು ಆ ಹೊತ್ತಿನಲ್ಲಿ ಆಡಿದ್ದೇನೆ. ಆಮೇಲೆ ಒಂದು ವಿಷಯ ಓದಿದೆ. 17ರಿಂದ 19 ಗಂಟೆ ನಿದ್ದೆ ಇಲ್ಲದೆ ಇದ್ದವರು ಕೆಲವು ಪರೀಕ್ಷೆಗಳಲ್ಲಿ, ರಕ್ತದಲ್ಲಿ 0.05 ಶೇಕಡ ಮದ್ಯ ಇದ್ದವರಷ್ಟೇ ಮಂದವಾಗಿದ್ದರು, ಕೆಲವೊಮ್ಮೆ ಅವರಿಗಿಂತಲೂ ಮಂದ. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ಅಂಥ ಸ್ಥಿತಿಯಲ್ಲಿ ಗಾಡಿ ಓಡಿಸಬಾರದು ಅಂತ ಎಲ್ಲರೂ ಒಪ್ಪುತ್ತೇವೆ. ಆರ್ಥಿಕ ನೀತಿಯ ಬಗ್ಗೆ ಬರೆಯಬಾರದು ಅಂತ ಯಾರೂ ಹೇಳುವುದಿಲ್ಲ. ನಾನೇ ಒಂದು ನಿಯಮ ಮಾಡಿಕೊಂಡೆ, ಬೆಳಕು ಹರಿಯುವ ಮೊದಲು ಯಾವ ಅಭಿಪ್ರಾಯವನ್ನೂ ಬರೆಯುವಂತಿಲ್ಲ. ಬೆಳಗ್ಗೆ ಎದ್ದರೆ ಹತ್ತರಲ್ಲಿ ಒಂಬತ್ತು ಅಭಿಪ್ರಾಯ ಇರುವುದೇ ಇಲ್ಲ. ಅಂದಹಾಗೆ, ಮಗು ಎತ್ತಿಕೊಂಡು ಸೋಫಾ ಮೇಲೆ ತೂಕಡಿಸಬೇಡಿ. ಸೋಫಾದ ಸಂದಿ ಎಳೆಗೂಸಿಗೆ ತುಂಬಾ ಅಪಾಯ. ನಿದ್ದೆ ಬಂತು ಅನ್ನಿಸಿದರೆ ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ಬೆಳಗ್ಗೆಯೂ ಉಳಿದುಕೊಂಡ ಅಭಿಪ್ರಾಯಗಳು ಯಾವುವು? ಯಾವ ಪಕ್ಷ ಅಂತ ಕೇಳಬೇಡಿ, ಅದು ನನಗೂ ಮತಪೆಟ್ಟಿಗೆಗೂ ಮಾತ್ರ ಗೊತ್ತು. ಆದರೆ ಮೊದಲು ನನಗೆ ಅಭಿಪ್ರಾಯವೇ ಇಲ್ಲದಿದ್ದ ವಿಷಯಗಳಲ್ಲಿ ಈಗ ಗಟ್ಟಿ ಅಭಿಪ್ರಾಯ ಇದೆ. ಎಳೆ ಮಗು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದೆ, ನಾವು 12ರಿಂದ 20 ಸಲ. ಮಗುವಿನ ತಳ್ಳುಗಾಡಿಯ ಎತ್ತರಕ್ಕೆ ಬಗ್ಗಿ ನೋಡಿದರೆ ಮುಖಕ್ಕೆ ಸರಿಯಾಗಿ ವಾಹನಗಳ ಹೊಗೆ ಕೊಳವೆ. ಹವೆಯ ಬಗ್ಗೆ ನಾನು ಮೊದಲು ಮಾಡುತ್ತಿದ್ದುದು ಭಾಷಣ. ಈಗ ಸಿಟ್ಟು ಬರುತ್ತದೆ. ಹಾಗೇ ಪಾದಚಾರಿ ದಾರಿಯ ತುದಿಯಲ್ಲಿ ಇರುವ ಪುಟ್ಟ ಇಳಿಜಾರು. ಅದು ಇಲ್ಲದ ಕಡೆ ಗಾಡಿ ಎತ್ತಿ ಇಳಿಸಿ ಸೊಂಟ ಹಿಡಿದುಕೊಂಡಿದೆ. ಆ ಇಳಿಜಾರನ್ನು ನಮಗಾಗಿ ಯಾರೂ ಕೇಳಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಂಥ ಊರುಗಳಲ್ಲಿ ಗಾಲಿಕುರ್ಚಿ ಬಳಸುವವರು ಹೋರಾಡಿ ಪಡೆದದ್ದು. ಅವರು ಜಗಳ ಮಾಡುತ್ತಿದ್ದ ಕಾಲಕ್ಕೆ ನಾನು ಇದ್ದಿದ್ದರೆ ‘ಇಷ್ಟು ಸಣ್ಣದಕ್ಕೆ ಇಷ್ಟು ಗಲಾಟೆಯಾ’ ಅನ್ನುತ್ತಿದ್ದೆ ಅಂತ ಖಾತ್ರಿ ಇದೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ರಜೆಯ ಬಗ್ಗೆ. ಹೆರಿಗೆ ರಜೆ ಹೊಸ ಬೇಡಿಕೆ ಏನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿದ ವರ್ಷ, 1919ರಲ್ಲೇ, ಹೆರಿಗೆಗೆ ಮೊದಲು ಆರು ವಾರ, ಆಮೇಲೆ ಆರು ವಾರ ಅಂತ ಒಪ್ಪಂದ ಮಾಡಿತ್ತು. ತಂದೆಯ ಸರದಿ ಬಂದದ್ದು ಬಹಳ ತಡವಾಗಿ. 1974ರಲ್ಲಿ ಸ್ವೀಡನ್, ಈ ರಜೆಯನ್ನು ತಾಯಿ, ತಂದೆ ಯಾರು ಬೇಕಾದರೂ ಹಂಚಿಕೊಳ್ಳಬಹುದು ಅಂತ ಕಾನೂನು ಮಾಡಿತು. ಒಳ್ಳೆಯ ಕಾನೂನು. ಆದರೆ ಗಂಡಸರು ಬರಲಿಲ್ಲ. ಅವರನ್ನು ಕರೆಯಲು ಸರ್ಕಾರ ಜಾಹೀರಾತು ಮಾಡಬೇಕಾಯಿತು. ಲೆನ್ನಾರ್ಟ್ ಡಾಲ್‌ಗ್ರೆನ್ ಅಂತ ಒಬ್ಬ ಭಾರ ಎತ್ತುವ ಪೈಲ್ವಾನನ ತೋಳಿನಲ್ಲಿ ಪುಟ್ಟ ಮಗು ಕೂರಿಸಿ ಪೋಸ್ಟರ್ ಹಾಕಿದರು. ನನಗೆ ಆ ಪೋಸ್ಟರ್ ತುಂಬಾ ಇಷ್ಟ. ಆದರೆ ಪೋಸ್ಟರ್‌ನಿಂದ ಏನೂ ಆಗುವುದಿಲ್ಲ ಅನ್ನುವುದೂ ಅಷ್ಟೇ ನಿಜ.

ಆಗಿದ್ದು ನಾರ್ವೆಯಲ್ಲಿ. 1993ರಲ್ಲಿ ಅವರು ನಾಲ್ಕು ವಾರವನ್ನು ತಂದೆಗೆ ಅಂತಲೇ ಎತ್ತಿಟ್ಟರು. ತಂದೆ ಹಾಕದಿದ್ದರೆ ಆ ರಜೆ ಹೋಯಿತು, ತಾಯಿಗೂ ಸಿಗುವುದಿಲ್ಲ. ಅದಕ್ಕೆ ಮೊದಲು ನೂರಕ್ಕೆ ನಾಲ್ಕೈದು ತಂದೆಯರೂ ರಜೆ ಹಾಕುತ್ತಿರಲಿಲ್ಲ. ಆಮೇಲೆ ಹಾಕದವರೇ ಅಪರೂಪ ಅನ್ನುವಂತಾಯಿತು. ಯಾಕೆ ಅಂತ ನಾನು ಬಹಳ ಯೋಚಿಸಿದೆ. ಹಂಚಿಕೊಳ್ಳಬಹುದು ಅಂದಾಗ ಮೇಲಧಿಕಾರಿ ಕೇಳುತ್ತಾನೆ, ‘ನಿಮ್ಮ ಮನೆಯವರು ಹಾಕಬಹುದಲ್ವಾ?’ ಬಿಟ್ಟರೆ ಹೋಗುತ್ತದೆ ಅಂದಾಗ ಆ ಪ್ರಶ್ನೆಗೇ ಜಾಗ ಇಲ್ಲ. ಗಂಡಸರ ಮನಸ್ಸು ರಾತ್ರೋರಾತ್ರಿ ಬದಲಾಯಿತು ಅಂತ ನಾನು ನಂಬುವುದಿಲ್ಲ. ಕೇಳುವವನ ಬಾಯಿ ಮುಚ್ಚಿತು, ಅಷ್ಟು ಸಾಕಾಯಿತು. ನನಗೆ ಸಿಕ್ಕಿದ್ದು ಒಂದು ವಾರ. ಎಂಟನೇ ದಿನ ಕಚೇರಿಯಲ್ಲಿ ಕೂತು ತೂಕಡಿಸುತ್ತಿದ್ದೆ. ಮಗಳು ಮನೆಯಲ್ಲಿ ಯಾರ ಕೈಯಲ್ಲಿದ್ದಳು ಅಂತ ಬೇರೆ ಹೇಳಬೇಕಾಗಿಲ್ಲ.

ಮನಸ್ಸಿನ ಆರೋಗ್ಯದ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯದಾಯಿತು. ಹೆತ್ತ ತಾಯಂದಿರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ, ಕಾಣಿಸಿಕೊಳ್ಳುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಂದೆಯರಿಗೂ ಬರುತ್ತದೆ, ನೂರಕ್ಕೆ ಹತ್ತರ ಆಸುಪಾಸು. ಹೆತ್ತ ಮೊದಲ ವಾರದ ಅಳು, ಬೇಸರ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗಲಿಲ್ಲ, ಮಗು ಮಲಗಿದರೂ ನಿದ್ದೆ ಹತ್ತುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಬೇಕು. ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, 1987ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ್ದು, ಈಗಲೂ ಅದನ್ನೇ ಕೇಳುತ್ತಾರೆ. ಐದು ನಿಮಿಷದ ಕೆಲಸ. ಜನ ಸಹಾಯ ಮಾಡಲು ಮನೆಗೆ ಬಂದಾಗ ಎಲ್ಲರೂ ಮಗುವನ್ನೇ ನೋಡುತ್ತಾರೆ. ತಾಯಿಯ ಮುಖವನ್ನೂ ಒಮ್ಮೆ ನೋಡಿ. ಬಂದವರು ಮಗು ಎತ್ತಿಕೊಳ್ಳಲೇಬೇಕು ಅಂತಿಲ್ಲ, ಬಟ್ಟೆ ಒಗೆದರೂ ನಡೆಯುತ್ತದೆ.

ನಮ್ಮ ಮನೆಯ ಈಗಿನ ಏರ್ಪಾಡು ಹೇಳಿ ನಿಲ್ಲಿಸುತ್ತೇನೆ. ರಾತ್ರಿಯನ್ನು ಎರಡು ಪಾಳಿ ಮಾಡಿದ್ದೇವೆ. ಒಂಬತ್ತರಿಂದ ಎರಡು ನನ್ನದು, ಎರಡರಿಂದ ಏಳು ಅವಳದು. ನನ್ನ ಪಾಳಿಯಲ್ಲಿ ಏನೇ ಆದರೂ ಅವಳನ್ನು ಎಬ್ಬಿಸುವಂತಿಲ್ಲ. ಇಬ್ಬರಿಗೂ ಐದು ಗಂಟೆ ಒಂದೇ ಗಂಟಾಗಿ ಸಿಗುತ್ತದೆ. ಇದರಿಂದ ಸಿಕ್ಕಷ್ಟು ಉಪಕಾರ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ವಾರಕ್ಕೆ ಮೂರು ಸಂಜೆ ಅವಳ ಓಟ. ಆ ಹೊತ್ತಲ್ಲಿ ನಾನು ಚೆಸ್ ಯೋಚಿಸುವುದಿಲ್ಲ, ಯೋಚಿಸಲು ಅವಳ ಮಗಳು ಬಿಡುವುದೂ ಇಲ್ಲ. ತಪ್ಪದೇ ನಡೆಯುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಳೆದ ತಿಂಗಳು ಎರಡು ಸಲ ನಾನೇ ಕಚೇರಿಯಿಂದ ತಡವಾಗಿ ಬಂದು ತಪ್ಪಿಸಿದೆ.

ಇವತ್ತೂ ಅವಳ ಓಟದ ಸಂಜೆಯೇ. ಈ ಭಾಷಣಕ್ಕಾಗಿ ಅದನ್ನು ಅವಳಿಂದ ಸಾಲ ತಂದಿದ್ದೇನೆ. ಏಳು ಗಂಟೆಯೊಳಗೆ ಬಾಗಿಲಲ್ಲಿ ಇರುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಅವಳು ಶೂ ಹಾಕಿಕೊಂಡೇ ಕಾಯುತ್ತಾಳೆ. ಎರಡು ಪ್ರಶ್ನೆಗೆ ಸಮಯ ಇದೆ. ಮೂರನೆಯವರು ನನ್ನ ಜೊತೆ ಬಸ್ ಸ್ಟಾಪ್‌ವರೆಗೆ ನಡೆದು ಬರಬೇಕಾಗುತ್ತದೆ.